ಬಣ್ಣದ ಟೇಪ್: ನೋವಿಗೋ, ಗಾಯಕ್ಕೋ?

ದೊಡ್ಡ ಕ್ರೀಡಾಕೂಟ ಬಂದಾಗಲೆಲ್ಲ ಎರಡು ಬಗೆಯ ಸುದ್ದಿ ಒಟ್ಟೊಟ್ಟಿಗೆ ಓಡಾಡುತ್ತವೆ. ಒಂದರಲ್ಲಿ ಚಿತ್ರಗಳು: ಓಟಗಾರ್ತಿಯ ತೊಡೆ, ವಾಲಿಬಾಲ್ ಆಟಗಾರನ ಭುಜ, ಟೆನಿಸ್ ಆಟಗಾರ್ತಿಯ ಮಂಡಿ, ಎಲ್ಲದರ ಮೇಲೂ ನೀಲಿ, ಗುಲಾಬಿ, ಕಪ್ಪು ಪಟ್ಟಿಗಳು, ಅಂದರೆ ಕಿನೀಸಿಯಾಲಜಿ ಟೇಪ್. ಇನ್ನೊಂದರಲ್ಲಿ ತಲೆಬರಹ: 'ಈ ಟೇಪ್‌ನಿಂದ ಏನೂ ಪ್ರಯೋಜನವಿಲ್ಲ, ಎಲ್ಲ ಪ್ಲಸೀಬೊ', ಅಂದರೆ ಬರೀ ನಂಬಿಕೆಯಿಂದ ಸಿಗುವ ಉಪಶಮನ. ಮಂಡಿನೋವಿಗೆ ಟೇಪ್ ಹಾಕಿಸಿಕೊಂಡು ಬಂದವರಿಗೆ ತಲೆ ಕೆಡುವುದು ಸಹಜ. ವೈದ್ಯರ ದೊಡ್ಡ ತಂಡವನ್ನೇ ಬೆನ್ನಿಗಿಟ್ಟುಕೊಂಡ ಆಟಗಾರರು ಕೆಲಸಕ್ಕೆ ಬಾರದ್ದನ್ನು ಮೈಗೆ ಅಂಟಿಸಿಕೊಳ್ಳುತ್ತಾರೆಯೇ? ಅಥವಾ ಸಂಶೋಧಕರು ಏನನ್ನೋ ಕಾಣದೆ ಹೋಗಿದ್ದಾರೆಯೇ?

ಎರಡೂ ಅಲ್ಲ. 'ಟೇಪ್ ಕೆಲಸ ಮಾಡುತ್ತದೆಯೇ' ಎಂಬ ಒಂದೇ ಪ್ರಶ್ನೆಯೊಳಗೆ ನಾಲ್ಕು ಪ್ರಶ್ನೆಗಳು ಸೇರಿಕೊಂಡಿವೆ. ಅದು ಕೀಲನ್ನು ಹಿಡಿದು ನಿಲ್ಲಿಸುತ್ತದೆಯೇ, ಸ್ನಾಯುವಿನ ಬಲ ಹೆಚ್ಚಿಸುತ್ತದೆಯೇ, ಊತ ಇಳಿಸುತ್ತದೆಯೇ, ನೋವು ತಗ್ಗಿಸುತ್ತದೆಯೇ? ಈ ನಾಲ್ಕಕ್ಕೂ ಒಂದೇ ಉತ್ತರವಿಲ್ಲ. ಗೊಂದಲ ಶುರುವಾಗುವುದೇ ಅಲ್ಲಿ.

ಗಟ್ಟಿ ಟೇಪ್ ಬೇರೆ, ಹಿಗ್ಗುವ ಟೇಪ್ ಬೇರೆ

ಕ್ರೀಡಾ ವೈದ್ಯಕೀಯದಲ್ಲಿ ಮೊದಲಿನಿಂದಲೂ ಇದ್ದದ್ದು ಝಿಂಕ್ ಆಕ್ಸೈಡ್ ಅಂಟಿನ ಬಿಳಿ ಟೇಪ್. ಅದು ಹಿಗ್ಗುವುದಿಲ್ಲ. ಪಾದದ ಕೀಲಿಗೆ ಪದರ ಪದರವಾಗಿ ಸುತ್ತಿದರೆ ಪಾದ ಒಳಕ್ಕೆ ಮಗುಚುವುದನ್ನು ನಿಜವಾಗಿಯೂ ತಡೆಯುತ್ತದೆ. ಬೆವರು ಮತ್ತು ಚಲನೆಯಿಂದ ಅರ್ಧ ಗಂಟೆಯ ಆಟದೊಳಗೆ ಅದರ ಬಿಗಿಯೂ ಸಾಕಷ್ಟು ಸಡಿಲವಾಗುತ್ತದೆ. ಆದರೂ ಒಮ್ಮೆ ಉಳುಕಿದ ಕಾಲು ಮತ್ತೆ ಉಳುಕದಂತೆ ನೋಡಿಕೊಳ್ಳುವುದರಲ್ಲಿ ಗಟ್ಟಿ ಟೇಪ್‌ಗೂ ಕೀಲಿಗೆ ಆಸರೆಯಾಗಿ ತೊಡುವ ಬ್ರೇಸ್‌ಗೂ ಒಳ್ಳೆಯ ಪುರಾವೆ ಇದೆ.

ಬಣ್ಣದ ಟೇಪ್‌ನ ಜಾತಿಯೇ ಬೇರೆ. ಹತ್ತಿಯ ನೇಯ್ಗೆಯೊಳಗೆ ಹಿಗ್ಗುವ ಎಳೆ ಸೇರಿಸಿ, ಹಿಂಬದಿಗೆ ಅಲೆಅಲೆಯಾಗಿ ಅಕ್ರಿಲಿಕ್ ಅಂಟು ಬಳಿದಿರುತ್ತಾರೆ. ಅಂಟಿನ ಅಲೆಗಳ ನಡುವಿನ ಖಾಲಿ ಜಾಗದಿಂದ ಬೆವರು ಆರುತ್ತದೆ. ಮೈಯ ಬಿಸಿಗೆ ಅಂಟು ಇನ್ನಷ್ಟು ಹಿಡಿಯುತ್ತದೆ. ಸಾಮಾನ್ಯ ರೋಲ್ 5 ಸೆಂಟಿಮೀಟರ್ ಅಗಲ, 5 ಮೀಟರ್ ಉದ್ದ. ಅಗಲಕ್ಕೆ ಹಿಗ್ಗದು, ಉದ್ದಕ್ಕೆ ಮಾತ್ರ ಹಿಗ್ಗುತ್ತದೆ. ಮೂಲ ಉದ್ದದ ಮೇಲೆ ಶೇ 40ರಿಂದ 60ರಷ್ಟು. ಬಣ್ಣ ಬಣ್ಣವೇ, ಅಷ್ಟೆ. ನೀಲಿ ತಂಪು, ಕೆಂಪು ಬಿಸಿ ಎಂಬ ಮಾತಿಗೆ ಬಟ್ಟೆಯಲ್ಲಾಗಲಿ ಅಂಟಿನಲ್ಲಾಗಲಿ ಯಾವ ಆಧಾರವೂ ಇಲ್ಲ.

ಇದನ್ನು 1970ರ ದಶಕದಲ್ಲಿ ರೂಪಿಸಿದವರು ಜಪಾನಿನ ಕೈರೊಪ್ರಾಕ್ಟರ್ (ಬೆನ್ನುಮೂಳೆ, ಕೀಲುಗಳಿಗೆ ಕೈಯಿಂದ ಚಿಕಿತ್ಸೆ ಕೊಡುವವರು) ಕೆಂಝೊ ಕಾಸೆ. ಹೊರಜಗತ್ತಿಗೆ ಅದು ದೊಡ್ಡದಾಗಿ ಕಾಣಿಸಿದ್ದು 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ. ತಯಾರಕರು 58 ದೇಶಗಳ ತಂಡಗಳಿಗೆ ಸುಮಾರು 50,000 ರೋಲ್‌ಗಳನ್ನು ಪುಕ್ಕಟೆ ಹಂಚಿದ್ದರು. ಬೀಚ್ ವಾಲಿಬಾಲ್‌ನಲ್ಲಿ ಚಿನ್ನ ಗೆದ್ದ ಕೆರಿ ವಾಲ್ಷ್ ಅವರ ಭುಜದ ಮೇಲಿನ ಪಟ್ಟಿಯನ್ನು ಟಿವಿಯಲ್ಲಿ ಜಗತ್ತೇ ನೋಡಿತು. 2012ರ ಯೂರೊ ಫುಟ್‌ಬಾಲ್ ಸೆಮಿಫೈನಲ್‌ನಲ್ಲಿ ಜರ್ಮನಿಯ ವಿರುದ್ಧ ಎರಡನೇ ಗೋಲು ಹೊಡೆದು ಅಂಗಿ ಕಳಚಿ ನಿಂತ ಮಾರಿಯೊ ಬಲೊಟೆಲ್ಲಿಯ ಬೆನ್ನ ಮೇಲೆ ಮೂರು ನೀಲಿ ಪಟ್ಟಿಗಳಿದ್ದವು. ಇಂಥ ದೃಶ್ಯಗಳು ಮಾಡುವ ಪ್ರಚಾರದ ಮುಂದೆ ಯಾವ ಜಾಹೀರಾತೂ ನಿಲ್ಲದು. ಆಟಗಾರರು ಪರೀಕ್ಷಿಸಿ ಆರಿಸಿಕೊಂಡದ್ದರಿಂದ ಟೇಪ್ ಮೈದಾನಕ್ಕೆ ಬಂತು ಎನ್ನುವುದಕ್ಕಿಂತ, ಕೈಗೆ ಸಿಕ್ಕಿದ್ದರಿಂದ ಬಂತು ಎನ್ನುವುದೇ ಸರಿ.

ಬೆಂಬಲಿಗರು ಹೇಳುವುದೇನು?

ಮೊದಲನೆಯ ವಾದ ಚರ್ಮವನ್ನು ಎತ್ತುವುದರದ್ದು. ಸ್ನಾಯುವನ್ನು ಹಿಗ್ಗಿಸಿಟ್ಟು ಟೇಪ್ ಅಂಟಿಸಿ, ಆಮೇಲೆ ಸಹಜ ಸ್ಥಿತಿಗೆ ಬಂದರೆ ಟೇಪ್‌ನಡಿ ಚರ್ಮ ಸಣ್ಣಗೆ ಸುಕ್ಕುಗಟ್ಟುತ್ತದೆ. ಆ ಸುಕ್ಕು ಚರ್ಮವನ್ನು ಅಡಿಯ ಪದರದಿಂದ ಮೇಲೆತ್ತಿ ರಕ್ತಕ್ಕೂ ದುಗ್ಧರಸಕ್ಕೂ (ಲಿಂಫ್) ದಾರಿ ಬಿಡುತ್ತದೆ, ಹಾಗಾಗಿ ಊತವೂ ನೋವೂ ಇಳಿಯುತ್ತವೆ ಎನ್ನುತ್ತಾರೆ. ಎರಡನೆಯದು ದಿಕ್ಕಿನ ವಾದ. ಸ್ನಾಯು ಹುಟ್ಟುವ ತುದಿಯಿಂದ ಸೇರುವ ತುದಿಯತ್ತ ಅಂಟಿಸಿದರೆ ಸ್ನಾಯು ಚುರುಕಾಗುತ್ತದಂತೆ, ತಿರುಗಿಸಿ ಅಂಟಿಸಿದರೆ ಸಡಿಲವಾಗುತ್ತದಂತೆ. ಮೂರನೆಯದು ನರಗಳ ವಾದ. ಚರ್ಮದ ಮೇಲಿನ ಎಳೆತ ಸ್ಪರ್ಶದ ನರಗಳನ್ನು ಸದಾ ತಟ್ಟುತ್ತಿರುತ್ತದೆ, ಅದರಿಂದ ನೋವಿನ ಸಂಕೇತ ಮಂಕಾಗುತ್ತದೆ. ಬಡಿದ ಜಾಗವನ್ನು ಕೈ ತಾನಾಗಿ ಉಜ್ಜಿಕೊಳ್ಳುವುದರ ಹಿಂದಿರುವ ತತ್ತ್ವವೂ ಇದೇ. ನೋವಿನ ಸಂಶೋಧಕರಾದ ಮೆಲ್ಝಾಕ್ ಮತ್ತು ವಾಲ್ 1965ರಲ್ಲಿ ಮಂಡಿಸಿದ 'ಗೇಟ್ ಕಂಟ್ರೋಲ್' ಸಿದ್ಧಾಂತ ಇದರ ತಳಹದಿ.

ಮೂರೂ ಕೇಳಲು ತರ್ಕಬದ್ಧ. ಪ್ರಯೋಗದ ಮುಂದೆ ನಿಲ್ಲಿಸಿದಾಗ ಮೊದಲ ಎರಡು ಕುಸಿದಿವೆ. ಮೂರನೆಯದು ಅರ್ಧ ಉಳಿದಿದೆ.

ಪ್ರಯೋಗಗಳು ತೋರಿಸಿದ್ದು

ಸುಕ್ಕಿನ ವಾದವನ್ನು ನೇರವಾಗಿ ಪರೀಕ್ಷಿಸಿದ ಪ್ರಯೋಗ 2014ರಲ್ಲಿ ಪ್ರಕಟವಾಯಿತು. ಬಹುಕಾಲದ ಸೊಂಟನೋವಿದ್ದ 148 ಜನರಲ್ಲಿ ಅರ್ಧದಷ್ಟು ಮಂದಿಗೆ ಚರ್ಮ ಸುಕ್ಕುಗಟ್ಟುವಂತೆ ಎಳೆದು ಟೇಪ್ ಹಾಕಿದರು, ಉಳಿದವರಿಗೆ ಎಳೆಯದೆ ಸುಮ್ಮನೆ ಅಂಟಿಸಿದರು. ಎರಡೂ ಗುಂಪಿನ ನೋವು ತಗ್ಗಿತು, ಬಹುತೇಕ ಒಂದೇ ಪ್ರಮಾಣದಲ್ಲಿ. ಸುಕ್ಕೇ ಔಷಧಿಯಾಗಿದ್ದರೆ ಹಾಗಾಗಬಾರದಿತ್ತು. ಊತದ ಕಥೆಯೂ ಇದೇ. ಪಾದದ ಕೀಲು ಹೊಸದಾಗಿ ಉಳುಕಿದ 36 ಕ್ರೀಡಾಪಟುಗಳ ಮೇಲೆ 2015ರಲ್ಲಿ ನಡೆದ ಪ್ರಯೋಗದಲ್ಲಿ ಟೇಪ್‌ನಿಂದ ಊತ ಹೆಚ್ಚೇನೂ ಇಳಿಯಲಿಲ್ಲ.

ಬಲದ ವಾದಕ್ಕೆ ಉತ್ತರಿಸಿದ ಪ್ರಯೋಗ ಇನ್ನೂ ಜಾಣತನದ್ದು. ಟೇಪ್ ಸಂಶೋಧನೆಯ ದೊಡ್ಡ ತೊಡಕೆಂದರೆ ಹಾಕಿಸಿಕೊಂಡವರಿಗೆ ಅದು ಗೊತ್ತಾಗುತ್ತದೆ, ಗೊತ್ತಾದ ಮೇಲೆ ನಿರೀಕ್ಷೆ ಹುಟ್ಟುತ್ತದೆ. 2015ರ ಒಂದು ಅಧ್ಯಯನದಲ್ಲಿ ಇಂಥ ಟೇಪ್ ಇದೆಯೆಂಬುದೇ ತಿಳಿಯದ 30 ಆರೋಗ್ಯವಂತರನ್ನು ಹುಡುಕಿ, 'ಸ್ನಾಯುವಿಗೆ ಸೆನ್ಸರ್ ಅಂಟಿಸುತ್ತಿದ್ದೇವೆ' ಎಂದು ನಂಬಿಸಿ ತೊಡೆಯ ಮೇಲೆ ಟೇಪ್ ಹಾಕಿದರು. ಒಮ್ಮೆ ಸರಿಯಾದ ಎಳೆತದಲ್ಲಿ, ಒಮ್ಮೆ ಹುಸಿಯಾಗಿ, ಅಂದರೆ ತೋರಿಕೆಗಷ್ಟೇ. ಇನ್ನೊಮ್ಮೆ ಟೇಪೇ ಇಲ್ಲ. ಮೂರು ಸಲವೂ ತೊಡೆಯ ಬಲದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದೇ ವರ್ಷ 19 ಅಧ್ಯಯನಗಳ, 530 ಜನರ ಅಂಕಿಅಂಶ ಒಟ್ಟುಗೂಡಿಸಿದ ವಿಶ್ಲೇಷಣೆಯೂ ಸ್ನಾಯುಬಲದ ಮೇಲೆ ಟೇಪ್‌ನ ಪರಿಣಾಮ ನಗಣ್ಯ ಎಂದಿತು. ಈಜಿನ ಅಂತರರಾಷ್ಟ್ರೀಯ ನಿಯಮಗಳು ಅನುಮತಿಯಿಲ್ಲದೆ ಮೈಮೇಲೆ ಟೇಪ್ ಇರಕೂಡದು ಎನ್ನುತ್ತವೆ ಎಂಬುದು ನಿಜ. ಟೇಪ್ ವೇಗ ಕೊಡುತ್ತದೆ ಎಂಬುದಕ್ಕೆ ಅದನ್ನೇ ಪುರಾವೆ ಎಂದುಕೊಳ್ಳುವವರೂ ಇದ್ದಾರೆ. ನೀರಿನೆದುರು ಮೈಯ ಹೊರಮೈ ಬದಲಿಸುವ ಏನನ್ನೂ ಈಜಿನ ನಿಯಮ ಸುಲಭಕ್ಕೆ ಬಿಡುವುದಿಲ್ಲ, ಅಷ್ಟೆ.

ಇನ್ನು ನೋವು. ಭುಜನೋವಿದ್ದ 42 ಯುವಕರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಟೇಪ್ ಹಾಕಿದ ತಕ್ಷಣ, ನೋವಿಲ್ಲದೆ ಕೈಯನ್ನು ಪಕ್ಕಕ್ಕೆ ಎತ್ತುವ ಅಳತೆ ಸರಾಸರಿ 17 ಡಿಗ್ರಿಯಷ್ಟು ಹೆಚ್ಚಿತು. ಸಣ್ಣ ಲಾಭವಲ್ಲ. ಆದರೆ ಮುಂದಿನ ದಿನಗಳ ಅಳತೆಯಲ್ಲಿ ನಿಜವಾದ ಟೇಪ್‌ಗೂ ಹುಸಿ ಟೇಪ್‌ಗೂ ಅಂತರ ಉಳಿಯಲಿಲ್ಲ. 12 ಪ್ರಯೋಗಗಳನ್ನು, 495 ಜನರನ್ನು ಒಳಗೊಂಡ 2014ರ ಸಮೀಕ್ಷೆಯ ತೀರ್ಮಾನವೂ ಇಂಥದ್ದೇ: ಹುಸಿ ಟೇಪ್‌ಗಿಂತ ಮೇಲಲ್ಲ, ಅಥವಾ ಸಿಕ್ಕ ಲಾಭ ರೋಗಿಗೆ ಲೆಕ್ಕಕ್ಕೆ ಬಾರದಷ್ಟು ಸಣ್ಣದು. ಭುಜದ ಕೀಲನ್ನು ಸುತ್ತುವರಿದ ಸ್ನಾಯುಗಳ (ರೊಟೇಟರ್ ಕಫ್) ತೊಂದರೆಯ ಬಗ್ಗೆ 2021ರಲ್ಲಿ ಬಂದ, ವೈದ್ಯಕೀಯ ಪುರಾವೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ ಸಮೀಕ್ಷೆ 23 ಪ್ರಯೋಗಗಳನ್ನು ಜಾಲಾಡಿದರೂ ಖಚಿತ ಲಾಭ ಎನ್ನುವಂಥದ್ದನ್ನು ಕಾಣಲಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ, ತಲೆಬರಹಗಳಲ್ಲಿ ಅದು ಕಳೆದುಹೋಗುತ್ತದೆ. 'ಹುಸಿ ಟೇಪ್‌ಗಿಂತ ಮೇಲಲ್ಲ' ಎಂದರೆ 'ಏನೂ ಆಗಲಿಲ್ಲ' ಎಂದಲ್ಲ. ಹುಸಿ ಟೇಪ್ ಕೂಡ ಚರ್ಮಕ್ಕೆ ತಾಗಿರುತ್ತದೆ, ಅದೂ ಸ್ಪರ್ಶದ ನರಗಳನ್ನು ತಟ್ಟುತ್ತದೆ, ಅದೂ ಧೈರ್ಯ ಕೊಡುತ್ತದೆ. ಆದ್ದರಿಂದ ಈ ಪ್ರಯೋಗಗಳು ಮುರಿದದ್ದು ದಿಕ್ಕು, ಸುಕ್ಕು, ಎಳೆತದ ಶೇಕಡಾವಾರು ಎಂಬ ಶಾಸ್ತ್ರವನ್ನು. ಮೈಮೇಲೆ ಏನೋ ಅಂಟಿದೆ ಎಂಬ ಅರಿವಿನಿಂದ ನೋವು ತುಸು ಹೊತ್ತು ತಗ್ಗುವ ಸಾಧ್ಯತೆಯನ್ನು ಅವು ತಳ್ಳಿಹಾಕಿಲ್ಲ.

ಕೀಲನ್ನು ಅದು ಯಾಕೆ ಹಿಡಿಯಲಾರದು?

ಒಂದು ಕೈಯ ಬೆರಳುಗಳನ್ನು ಇನ್ನೊಂದು ಮುಂಗೈಯ ಮೇಲೆ ಒತ್ತಿಟ್ಟು ಚರ್ಮವನ್ನು ಮೊಣಕೈಯತ್ತ ಎಳೆಯಿರಿ. ಚರ್ಮ ಒಂದೆರಡು ಸೆಂಟಿಮೀಟರ್ ಜಾರುತ್ತದೆ, ಅಡಿಯ ಸ್ನಾಯುವೂ ಮೂಳೆಯೂ ಇದ್ದಲ್ಲೇ ಇರುತ್ತವೆ. ಟೇಪ್ ಅಂಟಿರುವುದು ಆ ಚರ್ಮಕ್ಕೆ. ಎಳೆದುಕೊಳ್ಳುವುದೂ ಆ ಚರ್ಮವನ್ನೇ. ಓಡುತ್ತ ಓಡುತ್ತ ಪಾದ ಮಗುಚಿದಾಗ ಮೈಯ ಭಾರದ ಹಲವು ಪಟ್ಟು ಬಲ ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಮೂಳೆಗಳನ್ನು ಕಟ್ಟಿಹಿಡಿದಿರುವ ಲಿಗಮೆಂಟ್‌ನ ಮೇಲೆ ಬೀಳುತ್ತದೆ. ಕೈಯಲ್ಲಿ ಸಲೀಸಾಗಿ ಒಂದೂವರೆ ಪಟ್ಟು ಹಿಗ್ಗುವ ಬಟ್ಟೆ ಅದನ್ನು ತಡೆಯಲಾರದು. ಉಳುಕಿದ ಕಾಲಿಗೆ ಆಸರೆ ಬೇಕಿದ್ದರೆ ಗಟ್ಟಿ ಟೇಪ್, ಇಲ್ಲವೇ ಲೇಸ್ ಬಿಗಿಯುವ ಬ್ರೇಸ್. ಬಣ್ಣದ ಟೇಪ್ ಸುತ್ತಿಕೊಂಡು ಕಾಲಿಗೆ ರಕ್ಷಣೆ ಸಿಕ್ಕಿತು ಎಂದುಕೊಂಡು ಅಂಕಣಕ್ಕಿಳಿಯುವುದು ಈ ಟೇಪ್‌ನ ಅತಿ ಕೆಟ್ಟ ಬಳಕೆ.

ಜಾಹೀರಾತಿನ ಭಾಷೆ ಈ ತಪ್ಪು ನಂಬಿಕೆಗೆ ನೀರೆರೆದಿದೆ. ಅಮೆರಿಕದಲ್ಲಿ ಇಂಥ ಟೇಪ್ ಮಾರುವ ಒಂದು ಕಂಪನಿಯ ಮೇಲೆ ಗ್ರಾಹಕರು ಹೂಡಿದ ಸಾಮೂಹಿಕ ದಾವೆ ರಾಜಿಯಲ್ಲಿ ಮುಗಿದು, ಗಾಯವಾಗದಂತೆ ಕಾಪಾಡುತ್ತದೆ ಎಂಬ ಬಗೆಯ ಮಾತುಗಳನ್ನು ಕಂಪನಿ ಕೈಬಿಡಬೇಕಾಯಿತು.

ಹಾಗಿದ್ದೂ ಫಿಸಿಯೊಗಳು ಯಾಕೆ ಬಿಟ್ಟಿಲ್ಲ?

ಅನುಭವಿ ಫಿಸಿಯೊಥೆರಪಿಸ್ಟ್‌ಗಳಲ್ಲಿ ಅನೇಕರು ಈ ಪುರಾವೆಯನ್ನು ಒಪ್ಪುತ್ತಾರೆ, ಟೇಪ್‌ ರೋಲನ್ನೂ ಕೈಲಿಟ್ಟುಕೊಂಡಿರುತ್ತಾರೆ. ಅವರ ಲೆಕ್ಕ ಹೀಗೆ. ಮಂಡಿಚಿಪ್ಪಿನ ಸುತ್ತ ನೋಯುವವರಿಗೆ ಬೇಕಾದ ಚಿಕಿತ್ಸೆ ತೊಡೆಯ, ಸೊಂಟದ ಸ್ನಾಯುಗಳ ವ್ಯಾಯಾಮ. ಆದರೆ ಕೂತೇಳುವಾಗ ನೋಯುವುದರಿಂದ ಅವರು ವ್ಯಾಯಾಮವನ್ನೇ ಮಾಡುವುದಿಲ್ಲ. ಟೇಪ್‌ನಿಂದ ನೋವು ಅರ್ಧ ಗಂಟೆ ತಗ್ಗಿದರೆ ಆ ಅರ್ಧ ಗಂಟೆಯಲ್ಲಿ ವ್ಯಾಯಾಮ ಸಾಗುತ್ತದೆ. ವಾಸಿ ಮಾಡುವುದು ವ್ಯಾಯಾಮ. ಟೇಪ್ ಅದಕ್ಕೆ ಬಾಗಿಲು ತೆಗೆಯುತ್ತದೆ.

ವಿರೋಧಿಗಳ ಆಕ್ಷೇಪವೂ ಗಟ್ಟಿಯಾಗಿಯೇ ಇದೆ. ಅರ್ಧ ಗಂಟೆಯ ಭೇಟಿಯಲ್ಲಿ ಹತ್ತು ನಿಮಿಷ ಟೇಪ್‌ಗೆ ಹೋದರೆ ವ್ಯಾಯಾಮ ಕಲಿಸಲು ಉಳಿಯುವುದು ಇಪ್ಪತ್ತೇ. ಅದಕ್ಕಿಂತ ಹೆಚ್ಚಾಗಿ, 'ನಿಮ್ಮ ಮಂಡಿಚಿಪ್ಪು ಜಾರಿದೆ, ಟೇಪ್ ಅದನ್ನು ಜಾಗಕ್ಕೆ ತರುತ್ತದೆ' ಎಂದು ಹೇಳಿಸಿಕೊಂಡವರು ತಮ್ಮ ಮಂಡಿ ದುರ್ಬಲ ಎಂದೇ ನಂಬಿಬಿಡುತ್ತಾರೆ. ಮುಂದೆ ಟೇಪ್ ಇಲ್ಲದೆ ಮೆಟ್ಟಿಲಿಳಿಯಲೂ ಅಂಜುತ್ತಾರೆ. ನಮ್ಮ ದೃಷ್ಟಿಯಲ್ಲಿ ಎರಡೂ ಕಡೆಯವರು ಹೇಳುವುದು ನಿಜ. ವಿವಾದ ಇರುವುದು ಟೇಪ್‌ನಲ್ಲಲ್ಲ, ಅದನ್ನು ಹಾಕುವಾಗ ಕೊಡುವ ವಿವರಣೆಯಲ್ಲಿ.

ಉಪಯೋಗ ಇದೆಯೋ ಇಲ್ಲವೋ, ಐದು ನಿಮಿಷದ ಪರೀಕ್ಷೆ

ನೋಯುವ ಒಂದು ಚಲನೆಯನ್ನು ಆರಿಸಿಕೊಳ್ಳಬೇಕು. ಮಂಡಿಗಾದರೆ ಸುಮಾರು 20 ಸೆಂಟಿಮೀಟರ್ ಎತ್ತರದ ಮೆಟ್ಟಿಲಿನಿಂದ ನೋವಿರುವ ಕಾಲಿನ ಮೇಲೆ ಭಾರವಿಟ್ಟು ಇನ್ನೊಂದು ಕಾಲನ್ನು ನಿಧಾನ ಕೆಳಗಿಳಿಸುವುದು, ಐದು ಸಲ. ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಡಿ. ಟೇಪ್ ಹಾಕಿ, ಅದೇ ಚಲನೆಯನ್ನು ಅಷ್ಟೇ ಸಲ ಮಾಡಿ. ಅಂಕ ಎರಡಾದರೂ ಇಳಿದರೆ ಟೇಪ್ ಇರಲಿ. ಆರಿದ್ದದ್ದು ಐದೂವರೆಯಾದರೆ ಅದು ಉಪಕಾರವಲ್ಲ, ಕಿತ್ತುಹಾಕಿ.

ಮಂಡಿಚಿಪ್ಪಿನ ಕೆಳಗಿನ ನೋವಿಗೆ ಸಾಮಾನ್ಯವಾಗಿ ಹಾಕುವ ಬಗೆ ಸರಳ. ಕುರ್ಚಿಯ ಅಂಚಿಗೆ ಕೂತು ಮಂಡಿಯನ್ನು 90 ಡಿಗ್ರಿ ಮಡಿಸಿ. 12 ಸೆಂಟಿಮೀಟರಿನ ಒಂದು ತುಂಡು, 25 ಸೆಂಟಿಮೀಟರಿನ ಎರಡು ತುಂಡು ಕತ್ತರಿಸಿ. ಮೂಲೆಗಳನ್ನು ದುಂಡಗೆ ಮಾಡಿ. ಚೂಪು ಮೂಲೆ ಬಟ್ಟೆಗೆ ಸಿಕ್ಕಿ ಮೊದಲ ದಿನವೇ ಏಳುತ್ತದೆ. ಚಿಕ್ಕ ತುಂಡಿನ ಹಿಂಬದಿಯ ಕಾಗದವನ್ನು ನಡುವೆ ಹರಿದು, ನಡುಭಾಗವನ್ನು ಅರ್ಧ ಎಳೆತದಲ್ಲಿ ಚಿಪ್ಪಿನ ಕೆಳಗಿನ ಸ್ನಾಯುರಜ್ಜುವಿನ ಮೇಲೆ ಅಡ್ಡಲಾಗಿ ಒತ್ತಿ, ತುದಿಗಳನ್ನು ಎಳೆಯದೆ ಮಲಗಿಸಿ. ಉದ್ದನೆಯ ಎರಡನ್ನು ಚಿಪ್ಪಿನ ಕೆಳಗಿನಿಂದ ಶುರುಮಾಡಿ ಆಚೆಗೊಂದು ಈಚೆಗೊಂದು ಬಳಸಿ ತೊಡೆಯತ್ತ ಒಯ್ಯಿರಿ, ಕಾಲು ಭಾಗ ಎಳೆತ ಸಾಕು. ಕೊನೆಗೆ ಅಂಗೈಯಿಂದ ಚೆನ್ನಾಗಿ ಉಜ್ಜಿ ಬಿಸಿ ಮಾಡಿ. ಹೇರ್ ಡ್ರೈಯರ್ ಬೇಡ, ಅಂಟು ಅತಿಯಾಗಿ ಹಿಡಿದು ಕೀಳುವಾಗ ಚರ್ಮವೂ ಬರುತ್ತದೆ.

ಇಲ್ಲಿ ಹೆಚ್ಚಿನವರು ಎಡವುವುದು ಲೆಕ್ಕದಲ್ಲಿ. ಶೇ 50ರ ಎಳೆತ ಎಂದರೆ ಟೇಪನ್ನು ಅದರ ಉದ್ದದ ಒಂದೂವರೆ ಪಟ್ಟು ಎಳೆಯುವುದಲ್ಲ, ಹಿಗ್ಗಬಲ್ಲ ಭಾಗದ ಅರ್ಧದಷ್ಟನ್ನು ಎಳೆಯುವುದು. 10 ಸೆಂಟಿಮೀಟರಿನ ತುಂಡು ಪೂರ್ತಿ ಎಳೆದಾಗ 15 ಸೆಂಟಿಮೀಟರ್ ಆಗುತ್ತದೆ ಎನ್ನಿ. ಆಗ ಶೇ 50 ಎಂದರೆ 12.5 ಸೆಂಟಿಮೀಟರ್, ಶೇ 25 ಎಂದರೆ 11.25. ಜೊತೆಗೆ ಟೇಪನ್ನು ಕಾಗದಕ್ಕೆ ಅಂಟಿಸುವಾಗಲೇ ಶೇ 10–15ರಷ್ಟು ಎಳೆದಿರುತ್ತಾರೆ. ಇಷ್ಟು ಸಣ್ಣ ಅಂತರವನ್ನು ಬಾಗಿದ ಮಂಡಿಯ ಮೇಲೆ ಕೈ ಅಳತೆಯಲ್ಲಿ ಯಾರೂ ಕರಾರುವಾಕ್ಕಾಗಿ ಹಿಡಿಯಲಾರರು. ಎಳೆತದ ಪ್ರಮಾಣಕ್ಕೆ ಅಷ್ಟೊಂದು ಮಹತ್ವ ಕೊಡುವ ಕೋರ್ಸ್‌ಗಳನ್ನು ಅನುಮಾನದಿಂದ ನೋಡಲು ಇದೂ ಒಂದು ಕಾರಣ.

ಗುಳ್ಳೆ ಏಳುವುದು ಏಕೆ?

ಟೇಪ್ ಹಾಕಿದ ಜಾಗದಲ್ಲಿ ನೀರುಗುಳ್ಳೆ ಎದ್ದರೆ ಎಲ್ಲರೂ ಅಲರ್ಜಿ ಎನ್ನುತ್ತಾರೆ. ಗುಳ್ಳೆ ತುದಿಯಲ್ಲಷ್ಟೇ ಇದ್ದರೆ ಅದು ಬಹುಮಟ್ಟಿಗೆ ಅಲರ್ಜಿಯಲ್ಲ, ಎಳೆತದ ಗಾಯ. ತುದಿಯ 3ರಿಂದ 5 ಸೆಂಟಿಮೀಟರನ್ನು ಎಳೆಯದೆ ಅಂಟಿಸಬೇಕು. ಎಳೆದು ಅಂಟಿಸಿದರೆ ಆ ತುದಿ ದಿನವಿಡೀ ಹಿಂದಕ್ಕೆ ಜಗ್ಗಿ ಚರ್ಮದ ಮೇಲ್ಪದರವನ್ನು ಅಡಿಯ ಪದರದಿಂದ ಬಿಡಿಸುತ್ತದೆ, ನಡುವೆ ನೀರು ತುಂಬುತ್ತದೆ. ಅಲರ್ಜಿಯಾದರೆ ಟೇಪ್‌ನ ಆಕಾರದಲ್ಲೇ ಇಡೀ ಪಟ್ಟಿ ಕೆಂಪಗಾಗಿ ತುರಿಸುತ್ತದೆ. ಅಂಥವರು ಅಕ್ರಿಲಿಕ್ ಅಂಟಿನ ಸಹವಾಸವನ್ನೇ ಬಿಡಬೇಕು. ಮೊದಲ ಸಲ ಹಾಕುವವರು ಎರಡು ಬೆರಳಗಲದ ತುಂಡನ್ನು ಎಳೆಯದೆ ಅಂಟಿಸಿ 24 ಗಂಟೆ ಕಾದು ನೋಡುವುದು ಒಳ್ಳೆಯದು.

ಎಣ್ಣೆ, ಕ್ರೀಮ್, ಬೆವರು ಇದ್ದ ಚರ್ಮಕ್ಕೆ ಟೇಪ್ ನಿಲ್ಲುವುದಿಲ್ಲ. ದಟ್ಟ ರೋಮವಿದ್ದರೆ ಕತ್ತರಿಸಿ. ಆಗಷ್ಟೇ ಬ್ಲೇಡ್ ಹಾಕಿದ ಚರ್ಮಕ್ಕೆ ಮಾತ್ರ ಅಂಟಿಸಬೇಡಿ. ಆಟಕ್ಕೆ ಅರ್ಧದಿಂದ ಒಂದು ಗಂಟೆ ಮೊದಲೇ ಹಾಕಿರಬೇಕು. ಸ್ನಾನವಾದ ಮೇಲೆ ಉಜ್ಜದೆ ಬಟ್ಟೆ ಒತ್ತಿ ಒರೆಸಿದರೆ ಮೂರರಿಂದ ಐದು ದಿನ ಇರುತ್ತದೆ. ತೆಗೆಯುವಾಗ ಟೇಪನ್ನು ಚರ್ಮದಿಂದ ಕಿತ್ತರೆ ಉರಿ. ಎಣ್ಣೆ ಸವರಿ ಹತ್ತು ನಿಮಿಷ ಬಿಟ್ಟು, ರೋಮ ಮಲಗಿರುವ ದಿಕ್ಕಿಗೆ ಟೇಪನ್ನು ಮಡಚುತ್ತ, ಚರ್ಮವನ್ನು ಇನ್ನೊಂದು ಕೈಯಿಂದ ಹಿಂದಕ್ಕೆ ಒತ್ತುತ್ತ ಬಿಡಿಸಬೇಕು.

ತೆರೆದ ಗಾಯ, ಸೋಂಕು ತಗಲಿದ ಚರ್ಮ, ವಯಸ್ಸಿನಿಂದ ತೆಳುವಾದ ಚರ್ಮ, ಮಧುಮೇಹದಿಂದ ಸ್ಪರ್ಶ ಮಂಕಾದ ಪಾದ, ಇವುಗಳ ಮೇಲೆ ಟೇಪ್ ಸಲ್ಲದು. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ಒತ್ತಿದರೆ ನೋಯುತ್ತಿದ್ದರೆ ಅದು ರಕ್ತನಾಳದೊಳಗೆ ಹೆಪ್ಪುಗಟ್ಟಿದ ರಕ್ತವಿರಬಹುದು. ಸ್ನಾಯು ಹಿಡಿದುಕೊಂಡಿದೆ ಎಂದು ಟೇಪ್ ಹಾಕಿ ಕೂರುವ ಹೊತ್ತಲ್ಲ ಅದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಟೇಪ್ ಮುಚ್ಚಿಡುವ ಗಾಯ

ಇನ್ನೊಂದು ಅಪಾಯ ಟೇಪ್‌ನಡಿ ರೋಗನಿರ್ಣಯವೇ ಮರೆಯಾಗುವುದು. ಕಾಲು ಉಳುಕಿದೆ ಎಂದು ಟೇಪ್ ಸುತ್ತಿದವರಲ್ಲಿ ಕೆಲವರಿಗೆ ಆಗಿರುವುದು ಮೂಳೆ ಮುರಿತ. ತುರ್ತು ಚಿಕಿತ್ಸೆಯಲ್ಲಿ ವೈದ್ಯರು ಬಳಸುವ ಆಟವಾ ನಿಯಮ ಇಲ್ಲಿ ನೆರವಿಗೆ ಬರುತ್ತದೆ. ಪಾದದ ಕೀಲಿನ ಎರಡೂ ಮಗ್ಗುಲಲ್ಲಿ ಉಬ್ಬಿರುವ ಮೂಳೆಯ ಹಿಂಬದಿಯ ಅಂಚನ್ನು ತುದಿಯಿಂದ 6 ಸೆಂಟಿಮೀಟರ್ ಮೇಲಿನವರೆಗೆ ಒತ್ತಿ ನೋಡಬೇಕು. ಪಾದದ ಹೊರ ಅಂಚಿನ ನಡುವೆ ಕೈಗೆ ತಾಗುವ ಕಿರುಬೆರಳಿನ ಮೂಳೆಯ ಬುಡವನ್ನೂ, ಒಳ ಅಂಚಿನ ನಾವಿಕ್ಯುಲರ್ ಎಂಬ ದೋಣಿಯಾಕಾರದ ಮೂಳೆಯನ್ನೂ ಒತ್ತಬೇಕು. ಇವುಗಳಲ್ಲೆಲ್ಲಾದರೂ ಮೂಳೆಯೇ ನೋಯುತ್ತಿದ್ದರೆ, ಅಥವಾ ಪೆಟ್ಟಾದ ಕೂಡಲೆಯೂ ಆಮೇಲೂ ನಾಲ್ಕು ಹೆಜ್ಜೆ ಭಾರ ಹಾಕಲಾಗದಿದ್ದರೆ ಎಕ್ಸ್‌ರೇ ಬೇಕು.

ಓಟಗಾರರಲ್ಲಿ ಮಂಡಿಯ ಕೆಳಗಿನ ಕಾಲುಮೂಳೆಯ ಮುಂಭಾಗದ ಒಂದೇ ಬಿಂದುವಿನಲ್ಲಿ, ಬೆರಳಿಟ್ಟು ತೋರಿಸುವಂತೆ ನೋಯುತ್ತಿದ್ದರೆ ಮೂಳೆಯ ಒತ್ತಡದ ಬಿರುಕನ್ನು ಶಂಕಿಸಬೇಕು. ಇಂಥಲ್ಲಿ ಟೇಪ್ ನೋವನ್ನು ತುಸು ತಗ್ಗಿಸಿದರೂ ಕೇಡೇ. ನೋವು ತಗ್ಗಿತೆಂದು ಓಟ ಮುಂದುವರಿಯುತ್ತದೆ, ಬಿರುಕು ಹಿಗ್ಗುತ್ತದೆ.

ಎಷ್ಟು ದಿನ ಹಾಕುವುದು?

ಟೇಪ್ ನಿಷೇಧಿಸಬೇಕಾದ ವಸ್ತುವೇನಲ್ಲ. ಅದರ ಮೇಲಿನ ನೆಚ್ಚಿಕೆ ಮಿತಿಯಲ್ಲಿರಬೇಕು. ಶುರುಮಾಡುವ ದಿನವೇ ಬಿಡುವ ದಿನವನ್ನೂ ಗೊತ್ತುಮಾಡಿಕೊಳ್ಳುವ ಫಿಸಿಯೊಗಳ ರೂಢಿ ಒಳ್ಳೆಯದು. ಮೊದಲೆರಡು ವಾರ ವ್ಯಾಯಾಮದ ದಿನಗಳಲ್ಲಿ ಹಾಕುವುದು, ಮೂರನೆಯ ವಾರ ದಿನ ಬಿಟ್ಟು ದಿನ, ಆಮೇಲೆ ಭಾರೀ ತಾಲೀಮಿನ ದಿನ ಮಾತ್ರ. ಟೇಪ್ ಇಲ್ಲದ ದಿನ ಅದೇ ಮೆಟ್ಟಿಲಿನ ಪರೀಕ್ಷೆಯಲ್ಲಿ ಅಂಕ ಏರದಿದ್ದರೆ ವ್ಯಾಯಾಮ ಕೆಲಸ ಮಾಡಿದೆ, ರೋಲನ್ನು ಒಳಗಿಡಬಹುದು. ಆರು ವಾರವಾದರೂ ಟೇಪ್ ತೆಗೆದ ಕೂಡಲೆ ಅಂಕ ಹಳೆಯ ಜಾಗಕ್ಕೆ ಮರಳುತ್ತಿದ್ದರೆ ಹೊಸ ರೋಲ್ ಕೊಳ್ಳುವ ಬದಲು ಗಾಯವನ್ನು ಮೊದಲಿನಿಂದ ಪರೀಕ್ಷೆ ಮಾಡಿಸಬೇಕು.